ಜೇಬಿನಲ್ಲಿರುವ ಚಾಕು ತೆರೆದುಕೊಳ್ಳುವುದಿಲ್ಲವೇಕೆ?

ಮಡಚುವ ಚಾಕುವಿನ ಹರಿತವಾದ ಅಲಗು ಹಿಡಿಯ ಸೀಳಿನೊಳಗೆ ಮಲಗಿರುತ್ತದೆ. ಸಾಮಾನ್ಯ ಚಾಕುವಿನಲ್ಲಿ ಅದಕ್ಕೆ ಬೀಗವಿಲ್ಲ, ಚಿಲಕವಿಲ್ಲ. ಆದರೂ ಜೇಬಿನಲ್ಲಿಟ್ಟುಕೊಂಡು ನಡೆದಾಗ, ಬಸ್ಸಿನಲ್ಲಿ ಕುಲುಕಾಡಿದಾಗ ಅಲಗು ಹೊರಗೆ ಬರುವುದಿಲ್ಲ. ಬಂದರೆ ಬೆರಳಿಗೋ ತೊಡೆಗೋ ಗಾಯವಾದೀತು. ಹಾಗಾದರೆ ಅದನ್ನು ಹಿಡಿದಿಡುವುದು ಯಾವುದು?

ರಿವೆಟ್ ಬಿಗಿಯಾಗಿರುವುದರಿಂದ ಎಂದು ಹಲವರು ಹೇಳುತ್ತಾರೆ. ಘರ್ಷಣೆಯೊಂದೇ ಕಾರಣವಾಗಿದ್ದರೆ ಅಲಗು ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲಬೇಕಿತ್ತು. ಆದರೆ ಮುಚ್ಚುವಾಗ ಗಮನಿಸಿ. ಕೊನೆಯ ಹಂತದಲ್ಲಿ ಅಲಗು ತಾನಾಗಿಯೇ ‘ಟಕ್’ ಎಂದು ಒಳಸೇರುತ್ತದೆ. ಯಾವುದೋ ಬಲ ಅದನ್ನು ಒಳಕ್ಕೆ ತಳ್ಳುತ್ತಿದೆ ಎಂದಾಯಿತು.

ಆ ಬಲ ಬರುವುದು ಹಿಡಿಯ ಬೆನ್ನಿನುದ್ದಕ್ಕೂ ಇರುವ ಉಕ್ಕಿನ ಪಟ್ಟಿಯಿಂದ. ಇದೊಂದು ಸ್ಪ್ರಿಂಗ್. ಇದರ ತುದಿ ಅಲಗಿನ ಬುಡವನ್ನು ಸದಾ ಒತ್ತುತ್ತಿರುತ್ತದೆ. ಅಲಗಿನ ಬುಡ ಪೂರ್ತಿ ದುಂಡಗಿರುವುದಿಲ್ಲ. ಅದಕ್ಕೆ ಚಪ್ಪಟೆ ಮುಖಗಳೂ ಅವುಗಳ ನಡುವೆ ಉಬ್ಬಿದ ಮೂಲೆಯೂ ಇರುತ್ತವೆ. ಚಾಕು ಮುಚ್ಚಿರುವಾಗ ಒಂದು ಮುಖ, ಪೂರ್ತಿ ತೆರೆದಾಗ ಇನ್ನೊಂದು ಮುಖ ಸ್ಪ್ರಿಂಗಿಗೆ ತಾಗಿ ಕೂರುತ್ತದೆ.

ನೆಲದ ಮೇಲೆ ಮಲಗಿಸಿದ ಇಟ್ಟಿಗೆಯನ್ನು ನೆನಪಿಸಿಕೊಳ್ಳಿ. ಅದನ್ನು ಮಗುಚಲು ಮೊದಲು ಅದರ ಭಾರವನ್ನು ಅಂಚಿನ ಮೇಲೆ ಎತ್ತಬೇಕು. ಸ್ವಲ್ಪವೇ ಎತ್ತಿ ಬಿಟ್ಟರೆ ಮತ್ತೆ ಮೊದಲಿನಂತೆ ಮಲಗುತ್ತದೆ. ಚಾಕುವಿನಲ್ಲೂ ಹೀಗೆಯೇ. ಅಲಗು ಹೊರಬರಬೇಕಾದರೆ ಬುಡದ ಮೂಲೆ ಸ್ಪ್ರಿಂಗನ್ನು ಬಾಗಿಸಿ ಎತ್ತಬೇಕು. ಆಗ ನಾವು ಮಾಡಿದ ಕೆಲಸ ಸ್ಪ್ರಿಂಗಿನಲ್ಲಿ ಪ್ರಚ್ಛನ್ನ ಶಕ್ತಿಯಾಗಿ ಸೇರುತ್ತದೆ. ಜೇಬಿನ ಕುಲುಕಾಟಕ್ಕೆ ಅಷ್ಟು ಕೆಲಸ ಮಾಡುವ ಸಾಮರ್ಥ್ಯವಿಲ್ಲ. ವಿಜ್ಞಾನದ ಭಾಷೆಯಲ್ಲಿ ಇದು ಸ್ಥಿರ ಸಮತೋಲನ.

ಹಾಗಿದ್ದರೆ ಉಗುರಿನಿಂದ ಎಳೆದು ತೆರೆಯಲು ಆಗುವುದು ಹೇಗೆ? ಅದು ಸನ್ನೆಯ ತತ್ತ್ವ. ಉಗುರು ಸಿಕ್ಕಿಸುವ ಗೀರು ರಿವೆಟ್ಟಿನಿಂದ ಕೆಲವು ಸೆಂಟಿಮೀಟರ್ ದೂರದಲ್ಲಿದೆ. ಸ್ಪ್ರಿಂಗ್ ಒತ್ತುವ ಜಾಗವೋ ಕೆಲವೇ ಮಿಲಿಮೀಟರ್ ದೂರದಲ್ಲಿ. ಆದ್ದರಿಂದ ಕಡಿಮೆ ಬಲ ಸಾಕು. 1897ರಲ್ಲಿ ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ನೋಂದಾಯಿಸಿದ ಪ್ರಸಿದ್ಧ ಚಾಕುವಿನಲ್ಲಿ ಹಿಡಿಯ ಎರಡೂ ಕಡೆಯ ಸಲಕರಣೆಗಳನ್ನು ಒಂದೇ ಸ್ಪ್ರಿಂಗ್ ಹಿಡಿದಿಡುತ್ತದೆ.

ಎಲ್ಲ ಚಾಕುಗಳೂ ಹೀಗಿಲ್ಲ. ಫ್ರಾನ್ಸಿನ ಮರದ ಹಿಡಿಯ ಒಪಿನೆಲ್ ಚಾಕುವಿಗೆ ಬೆನ್ನಿನ ಸ್ಪ್ರಿಂಗ್ ಇಲ್ಲ. 1955ರಲ್ಲಿ ಅದಕ್ಕೆ ತಿರುಗಿಸುವ ಉಕ್ಕಿನ ಬಳೆ ಬಂತು. ಅದು ತೆರೆದ ಅಲಗು ಮಡಚದಂತೆ ತಡೆಯುತ್ತಿತ್ತು. 2000ದಲ್ಲಿ ಅದನ್ನು ಸುಧಾರಿಸಿದ ಮೇಲೆ ಮುಚ್ಚಿದ ಅಲಗಿಗೂ ಅದೇ ಬಳೆ ಬೀಗವಾಯಿತು. ಈಚಿನ ಹಲವು ಚಾಕುಗಳಲ್ಲಿ ಹಿಡಿಯೊಳಗಿನ ಲೋಹದ ಪಟ್ಟಿಯಲ್ಲಿ ಪುಟ್ಟ ಗುಂಡೊಂದಿರುತ್ತದೆ. ಚಾಕು ಮುಚ್ಚಿದಾಗ ಅದು ಅಲಗಿನ ಬುಡದ ಕುಳಿಯಲ್ಲಿ ಕೂರುತ್ತದೆ.

ಪಾಲಕರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಒಂದು, ಮನೆಯ ಹಳೆಯ ಚಾಕುವಿನ ಅಲಗನ್ನು ಸ್ವಲ್ಪವೇ ಎತ್ತಿ, ಬೆರಳುಗಳನ್ನು ದೂರವಿಟ್ಟು ಬಿಡಿ. ಸ್ಪ್ರಿಂಗಿನ ಚಾಕುವಾದರೆ ಅಲಗು ತಾನಾಗಿ ಒಳಸರಿಯಬೇಕು. ಸರಿಯದಿದ್ದರೆ ತುಕ್ಕು, ಧೂಳು ಸೇರಿರಬಹುದು. ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ. ಆಮೇಲೂ ಅಲಗು ಸಡಿಲವಾಗಿ ತೂಗಾಡಿದರೆ ಅಂಥ ಚಾಕುವನ್ನು ಜೇಬಿಗೆ ಹಾಕಬೇಡಿ.

ಎರಡು, ಸ್ಪ್ರಿಂಗ್ ಅಲಗನ್ನು ಬೀಗದಂತೆ ಬಂಧಿಸುವುದಿಲ್ಲ, ಒತ್ತಿ ಹಿಡಿಯುತ್ತದೆ ಅಷ್ಟೆ. ತೆರೆದ ಚಾಕುವಿನಿಂದ ಏನನ್ನಾದರೂ ಚುಚ್ಚಿದರೆ, ಅಲಗಿನ ಬೆನ್ನಿಗೆ ಒತ್ತಡ ಬಿದ್ದರೆ, ಅದು ಮಡಚಿಕೊಂಡು ಬೆರಳನ್ನೇ ಕತ್ತರಿಸಬಹುದು.

ಮಕ್ಕಳು ಈ ತತ್ತ್ವವನ್ನು ತಿಳಿಯಲು ಚಾಕು ಮುಟ್ಟಬೇಕಾಗಿಲ್ಲ. ತಗಡಿನ ಕಂಪಾಸ್ ಪೆಟ್ಟಿಗೆಯ ಮುಚ್ಚಳವನ್ನು ನಿಧಾನವಾಗಿ ತೆರೆದು ಮುಚ್ಚಿ ನೋಡಲಿ. ತಗಡು ಕೊಂಚ ಬಾಗಿ, ಉಬ್ಬನ್ನು ದಾಟಿ, ‘ಟಕ್’ ಎನ್ನುವ ಆ ಕ್ಷಣ ಬೆರಳಿಗೇ ತಿಳಿಯುತ್ತದೆ.