ಜಿಂಕೆಗೆ ಎಷ್ಟು ದೊಡ್ಡ ಗುಂಡು ಬೇಕು?

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮಲ್ಲಿ ಜಿಂಕೆ ಬೇಟೆ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನಿಲ್ಲಿಸಿದೆ, ನಿಲ್ಲಿಸಿದ್ದು ಸರಿಯಾಗಿದೆ. ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಆದರೆ ಅದು ಕೋವಿಗೆ ಕೊಟ್ಟ ವಿನಾಯಿತಿ, ಬೇಟೆಗಲ್ಲ. ಈ ಬರಹ ಇರುವುದು ಅಮೆರಿಕದ ಜಿಂಕೆ ಬೇಟೆಯ ಬಗ್ಗೆ.

ಅಮೆರಿಕದ ವಿಷಯ ನಮಗ್ಯಾಕೆ ಅಂತ ಕೇಳಬಹುದು. ಅರಳಿಕಟ್ಟೆ ಮೇಲೆ ಕೂತ ಹುಡುಗರ ಫೋನ್ ನೋಡಿ, ಗೊತ್ತಾಗುತ್ತದೆ. ಟ್ರ್ಯಾಕ್ಟರ್ ವಿಡಿಯೊ ಮುಗಿದ ಕೂಡಲೇ ರೈಫಲ್ ವಿಡಿಯೊ ಬರುತ್ತದೆ. ಹಿಮ ಬಿದ್ದ ಕಾಡು, ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ ಮನುಷ್ಯ, ಒಂದು ಸದ್ದು, ಜಿಂಕೆ ಬಿತ್ತು. ಆಮೇಲೆ ಕಟ್ಟೆ ಮೇಲೆ ವಾದ: .308 ಮೇಲೋ, .243 ಮೇಲೋ? ಕೈಯಲ್ಲಿ ಕವಣೆ ಬಿಟ್ಟು ಬೇರೇನೂ ಹಿಡಿಯದವರೂ '.308 ಅಂದ್ರೆ .308 ಕಣೋ' ಅನ್ನುತ್ತಾರೆ. ದೊಡ್ಡದು, ಅದಕ್ಕೇ ಒಳ್ಳೆಯದು ಅನ್ನುವ ಲೆಕ್ಕ.

ನನ್ನ ಅಭಿಪ್ರಾಯ ಅದಲ್ಲ. ವರ್ಷಕ್ಕೊಂದು ಸಲ, ಸೀಸನ್‌ನಲ್ಲಿ ಮಾತ್ರ ರೈಫಲ್ ಹೊರತೆಗೆಯುವವನಿಗೆ, ಬರೀ ಜಿಂಕೆಗೆ ಹೋಗುವವನಿಗೆ, .243 ಸಾಕು. ಸಾಕು ಅಷ್ಟೇ ಅಲ್ಲ, ಬಹಳ ಮಂದಿಗೆ ಅದೇ ಒಳ್ಳೆಯದು. ಜಿಂಕೆಗೂ ಅದೇ ಒಳ್ಳೆಯದು ಅಂದರೆ ವಿಚಿತ್ರ ಅನ್ನಿಸಬಹುದು. ಯಾಕೆ ಅಂತ ಹೇಳುತ್ತೇನೆ.

ತೋಟೆ ಅಂದರೆ ಬರೀ ಗುಂಡಲ್ಲ. ಹಿತ್ತಾಳೆ ಕೊಳವೆ, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಇಷ್ಟೂ ಸೇರಿ ಒಂದು ತೋಟೆ. .308 ಅಂದರೆ ಗುಂಡಿನ ದಪ್ಪ ಒಂದು ಅಂಗುಲದ ಸಾವಿರದಲ್ಲಿ 308 ಪಾಲು, ಅಂದರೆ 7.8 ಮಿಲಿಮೀಟರ್. .243 ಅಂದರೆ 6.2 ಮಿಲಿಮೀಟರ್. ನಡುವಿನ ವ್ಯತ್ಯಾಸ ಎರಡು ಮಿಲಿಮೀಟರ್ ಕೂಡ ಇಲ್ಲ. ಕಟ್ಟೆ ಮೇಲಿನ ಜಗಳವೆಲ್ಲ ಅಷ್ಟರಲ್ಲೇ.

ಎರಡೂ ವಿಂಚೆಸ್ಟರ್ ಕಂಪನಿಯವು. ದೊಡ್ಡದು ಬಂದದ್ದು 1952ರಲ್ಲಿ. 1955ರಲ್ಲಿ ಅದೇ ಕೊಳವೆಯ ಕುತ್ತಿಗೆಯನ್ನು ಕಿರಿದು ಮಾಡಿ, ಸಣ್ಣ ಗುಂಡು ಕೂರಿಸಿ .243 ಅಂತ ಹೆಸರಿಟ್ಟರು. ಅಂದರೆ ಇಬ್ಬರೂ ಒಂದೇ ತಾಯಿಯ ಮಕ್ಕಳು. .308ಕ್ಕೆ ಸೇನೆಯಲ್ಲಿ ಒಬ್ಬ ಸೋದರ ಇದ್ದಾನೆ, 7.62 ನ್ಯಾಟೊ ತೋಟೆ. ನಮ್ಮ ಸೇನೆಯ ಹಳೆಯ ಎಸ್‌ಎಲ್‌ಆರ್ ರೈಫಲ್‌ಗೆ ಹಾಕುತ್ತಿದ್ದದ್ದು ಅದೇ. ನಿಮ್ಮ ಊರಲ್ಲಿ ನಿವೃತ್ತ ಯೋಧರಿದ್ದರೆ ಕೇಳಿ ನೋಡಿ, ಮೊದಲ ದಿನ ಫೈರಿಂಗ್ ಮುಗಿದ ಮೇಲೆ ಭುಜ ಹೇಗಿತ್ತು ಅಂತ.

ಗುಂಡಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಗ್ರೇನ್ ಅಂದರೆ ಸುಮಾರು ಅರ್ಧ ಗುಲಗಂಜಿ. ಹಳೆಯ ತೊಲ ಅಂದರೆ ಸರಿಯಾಗಿ 180 ಗ್ರೇನ್. ಜಿಂಕೆಗೆ ಬಳಸುವ .308 ಗುಂಡು ಸಾಮಾನ್ಯವಾಗಿ 150 ಗ್ರೇನ್, ಈಗಿನ ಚಿನ್ನದಂಗಡಿಯ ಹತ್ತು ಗ್ರಾಂ ತೊಲಕ್ಕೆ ಕೂದಲೆಳೆ ಕಡಿಮೆ. .243ರದ್ದು 100 ಗ್ರೇನ್, ಆರೂವರೆ ಗ್ರಾಂ. ದೊಡ್ಡದು ಸೆಕೆಂಡಿಗೆ ಸುಮಾರು 860 ಮೀಟರ್ ವೇಗದಲ್ಲಿ ಹೊರಡುತ್ತದೆ, ಸಣ್ಣದು ಸುಮಾರು 900 ಮೀಟರ್. 200 ಗಜಕ್ಕೆ ಗುರಿ ಹೊಂದಿಸಿಟ್ಟರೆ 300 ಗಜದಲ್ಲಿ ಎರಡೂ ಏಳೆಂಟು ಅಂಗುಲ ಕೆಳಗೆ ಬೀಳುತ್ತವೆ. ಜಿಂಕೆ ನಿಂತಿರುವ ದೂರದಲ್ಲಿ ಹಾರಾಟದ ಲೆಕ್ಕ ಹೆಚ್ಚುಕಡಿಮೆ ಒಂದೇ.

ವ್ಯತ್ಯಾಸ ಇರುವುದು ಎರಡು ಕಡೆ. ಜಿಂಕೆಗೆ ಬೀಳುವ ಪೆಟ್ಟಿನಲ್ಲಿ, ಮತ್ತು ಹೊಡೆಯುವವನ ಭುಜಕ್ಕೆ ಬೀಳುವ ಪೆಟ್ಟಿನಲ್ಲಿ. ವಾದ ಮಾಡುವವರೆಲ್ಲ ಮೊದಲನೆಯದನ್ನೇ ಮಾತಾಡುತ್ತಾರೆ. ಎರಡನೆಯದನ್ನು ಹೇಳಿಕೊಳ್ಳುವುದಕ್ಕೆ ನಾಚಿಕೆ. ಭುಜ ನೋಯುತ್ತದೆ ಅಂದರೆ ಗಂಡಸಲ್ಲ ಅಂದಾರೇನೋ ಅಂತ.

ಒಂದೇ ತೂಕದ ರೈಫಲ್‌ನಲ್ಲಿ .243ರ ಒದೆತ .308ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಒದೆತ ಜಾಸ್ತಿಯಾದರೆ ಏನಾಗುತ್ತದೆ? ನೋವು ದೊಡ್ಡ ವಿಷಯವಲ್ಲ. ಹೆದರಿಕೆ ದೊಡ್ಡ ವಿಷಯ. ಎರಡು ಮೂರು ಸಲ ಒದೆಸಿಕೊಂಡ ದೇಹ ನಾಲ್ಕನೇ ಸಲ ತಾನಾಗಿಯೇ ಸೆಟೆದುಕೊಳ್ಳುತ್ತದೆ. ಟ್ರಿಗರ್ ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ತಳ್ಳುತ್ತದೆ, ನಳಿಗೆ ಬಗ್ಗುತ್ತದೆ. ಇದು ಮನಸ್ಸಿಗೆ ಗೊತ್ತೇ ಆಗುವುದಿಲ್ಲ. ಅಮೆರಿಕದ ತರಬೇತುದಾರರು ಇದನ್ನು ಹಿಡಿಯಲು ಒಂದು ಉಪಾಯ ಮಾಡುತ್ತಾರೆ. ಹೊಡೆಯುವವನಿಗೆ ಹೇಳದೆ ರೈಫಲ್‌ಗೆ ಮದ್ದಿಲ್ಲದ ಸುಳ್ಳು ತೋಟೆ ತುಂಬಿ ಕೊಡುತ್ತಾರೆ. ಟ್ರಿಗರ್ ಎಳೆದರೆ 'ಟಿಕ್' ಅಂತ ಸದ್ದು, ಗುಂಡು ಇಲ್ಲ, ಆದರೂ ರೈಫಲ್ ಮೂತಿ ಬಗ್ಗಿರುತ್ತದೆ. ನೋಡಿದವರೆಲ್ಲ ನಗುತ್ತಾರೆ. ಕಾಡಿನಲ್ಲಿ ಅದೇ ಬಗ್ಗುವಿಕೆ ಆದರೆ ನಗುವಂಥದ್ದೇನಿಲ್ಲ.

ಯಾಕೆಂದರೆ ಅಲ್ಲಿನ ಬಿಳಿಬಾಲದ ಜಿಂಕೆಗೆ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಒಂದು ಊಟದ ತಟ್ಟೆಯಷ್ಟು. ಗುಂಡು ಅಲ್ಲಿ ಬಿದ್ದರೆ ಜಿಂಕೆ ಐವತ್ತು ನೂರು ಗಜ ಓಡಿ ಬಿದ್ದುಬಿಡುತ್ತದೆ. ಅಲ್ಲಿಂದ ಒಂದು ಗೇಣು ಹಿಂದೆ ಹೋದರೆ ಹೊಟ್ಟೆ. ಹೊಟ್ಟೆಗೆ ಬಿದ್ದ ಜಿಂಕೆ ಬೇಗ ಸಾಯುವುದಿಲ್ಲ. ಪೊದೆಯೊಳಗೆ ಹೋಗಿ ಮಲಗುತ್ತದೆ. ತಕ್ಷಣ ಹಿಂಬಾಲಿಸಿದರೆ ಎದ್ದು ಮೈಲಿಗಟ್ಟಲೆ ಓಡುತ್ತದೆ. ಅದಕ್ಕೇ ಅನುಭವಿ ಬೇಟೆಗಾರರು ಆರೆಂಟು ಗಂಟೆ ಕಾದು, ಆಮೇಲೆ ಹುಡುಕಲು ಹೊರಡುತ್ತಾರೆ. ಆ ಆರೆಂಟು ಗಂಟೆ ಜಿಂಕೆ ಏನು ಅನುಭವಿಸುತ್ತದೆ ಅಂತ ಯಾವ ರೀಲ್ಸ್‌ನಲ್ಲೂ ಹಾಕುವುದಿಲ್ಲ. ಹುಡುಕಿದರೂ ಸಿಗದೆ ಹೋದದ್ದನ್ನಂತೂ ಯಾರೂ ತೋರಿಸುವುದಿಲ್ಲ.

ಹೊಟ್ಟೆಗೆ ಬಿದ್ದದ್ದು 6 ಮಿಲಿಮೀಟರ್ ಗುಂಡಾದರೂ ಅದೇ ಪಾಡು, 8 ಮಿಲಿಮೀಟರ್ ಆದರೂ ಅದೇ ಪಾಡು. ದಪ್ಪ ಗುಂಡು ತಪ್ಪಿದ ಗುರಿಯನ್ನು ತಿದ್ದುವುದಿಲ್ಲ.

ಇದು ನಮ್ಮ ಊರಿಗೆ ಅರ್ಥವಾಗದ ವಿಷಯವೇನಲ್ಲ. ಮೂರು ಎಕರೆ ಇದ್ದವನು ಸಾಲ ಮಾಡಿ 50 ಎಚ್‌ಪಿ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದನ್ನು ಎಷ್ಟು ನೋಡಿಲ್ಲ! ಹೊಲಕ್ಕೆ ಬೇಕಾದ್ದು ಬೇರೆ, ಮನೆ ಮುಂದೆ ನಿಲ್ಲಿಸಲು ಬೇಕಾದ್ದು ಬೇರೆ.

ಬೇಟೆಯ ಹಳೆಯ ಕಥೆಗಳಲ್ಲೂ ಇದು ಸಿಗುತ್ತದೆ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಬೆಂಗಳೂರಿನ ಆಂಡರ್ಸನ್ ಕೈಯಲ್ಲಿದ್ದದ್ದು .405 ವಿಂಚೆಸ್ಟರ್, ಹತ್ತು ಮಿಲಿಮೀಟರ್ ದಪ್ಪದ ಗುಂಡು. ಪೊದೆಯಿಂದ ಮೈಮೇಲೆ ಹಾರುವ ನರಭಕ್ಷಕನಿಗೆ ಅದು ಸರಿ. ಆದರೆ ಅತ್ತ ಉತ್ತರದಲ್ಲಿ ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಚಂಪಾವತದ ಹುಲಿಯನ್ನು ಕೊಂದದ್ದಕ್ಕೆ ಬಹುಮಾನವಾಗಿ ಸಿಕ್ಕಿದ್ದು .275 ರಿಗ್ಬಿ. ಇದು .308ಕ್ಕಿಂತ ಸಣ್ಣದು! ಅದನ್ನೇ ಹಿಡಿದು ಆತ ನರಭಕ್ಷಕಗಳ ಹಿಂದೆ ಓಡಾಡಿದ. ಆಫ್ರಿಕದಲ್ಲಿ ಬೆಲ್ ಎಂಬಾತ ಅದೇ ಅಳತೆಯ ತೋಟೆಯಿಂದ ನೂರಾರು ಆನೆಗಳನ್ನು ಕೊಂದ. ಅದನ್ನು ಮೆಚ್ಚಿ ಹೇಳುತ್ತಿಲ್ಲ. ಆನೆಯ ತಲೆಬುರುಡೆಯನ್ನು ಗರಗಸದಿಂದ ಕೊಯ್ದು, ಮಿದುಳು ಎಲ್ಲಿದೆ ಅಂತ ನೋಡಿ ಕಲಿತವನು ಆತ. ಸಣ್ಣ ಗುಂಡು ಕೆಲಸ ಮಾಡಿದ್ದು ಹಾಗೆ.

ಇಂಗ್ಲೆಂಡಿನ ಕಾನೂನನ್ನೂ ನೋಡಿ. 1991ರ ಜಿಂಕೆ ಕಾಯ್ದೆ ಪ್ರಕಾರ ಅಲ್ಲಿನ ದೊಡ್ಡ ಜಾತಿಯ ಜಿಂಕೆಗಳಿಗೆ ಬಳಸುವ ರೈಫಲ್ .240 ಅಂಗುಲಕ್ಕಿಂತ ಸಣ್ಣದಿರಬಾರದು. .243 ಆ ಗೆರೆಯನ್ನು ದಾಟುತ್ತದೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲೂ ಕನಿಷ್ಠ .24. ಅಂದರೆ ಜಿಂಕೆಗೆ ಇಷ್ಟಿದ್ದರೆ ಸಾಕು ಅಂತ ಸರ್ಕಾರಗಳೇ ಒಪ್ಪಿವೆ.

ಹಾಗಂತ .308ರ ಪರ ಇರುವವರ ಮಾತೆಲ್ಲ ಬರೀ ಜಂಬ ಅಲ್ಲ. ಅವರ ಗಟ್ಟಿ ವಾದ ಒಂದಿದೆ. ದಪ್ಪ, ಭಾರದ ಗುಂಡು ಜಿಂಕೆಯ ಮೈ ತೂರಿ ಆಚೆ ಬರುವುದು ಹೆಚ್ಚು ಖಚಿತ. ಎರಡು ತೂತಾದರೆ ನೆಲದ ಮೇಲೆ ರಕ್ತ ಹೆಚ್ಚು ಬೀಳುತ್ತದೆ, ಓಡಿದ ಜಿಂಕೆ ಬೇಗ ಸಿಗುತ್ತದೆ. .243 ಗುಂಡು ಕೆಲವೊಮ್ಮೆ ಒಳಗೇ ಉಳಿಯುತ್ತದೆ. ದಟ್ಟ ಪೊದೆಯಲ್ಲಿ ಇದು ಸಣ್ಣ ವಿಷಯವಲ್ಲ. ಜಿಂಕೆ ಓರೆಯಾಗಿ ನಿಂತು ಭುಜದ ಮೂಳೆ ಅಡ್ಡ ಬಂದಾಗಲೂ ಭಾರದ ಗುಂಡಿಗೆ ಮೇಲುಗೈ. ಅದೇ ರೈಫಲ್‌ನಲ್ಲಿ ಕುದುರೆಯಷ್ಟು ದೊಡ್ಡದಾದ ಎಲ್ಕ್‌ಗೂ ಹೋಗಬೇಕು ಅನ್ನುವವನು .308 ತೆಗೆದುಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ಬರೀ ಜಿಂಕೆಗೆ ಹೋಗುವವನು, ಓರೆ ನಿಂತ ಜಿಂಕೆಗೆ ಹೊಡೆಯದೆ ಅದು ಪಕ್ಕಕ್ಕೆ ತಿರುಗುವವರೆಗೆ ಕಾಯುವುದನ್ನು ಕಲಿತರೆ ಆಯಿತು.

(2007ರಲ್ಲಿ ಬಂದ 6.5 ಕ್ರೀಡ್‌ಮೂರ್ ಅಂತ ಇನ್ನೊಂದಿದೆ, ಇವೆರಡರ ನಡುವಿನದು. ಈಗ ಅದರದ್ದೇ ಹವಾ. ಜಿಂಕೆಗೆ ಅದೂ ಚೆನ್ನಾಗಿದೆ. ಅದರ ಭಕ್ತರ ಹತ್ತಿರ ಮಾತಿಗೆ ನಿಂತರೆ ಸಂಜೆಯಾಗುತ್ತದೆ, ಹಾಗಾಗಿ ಇಲ್ಲಿಗೇ ಬಿಡುತ್ತೇನೆ.)

.243 ಕೊಳ್ಳುವವನು ಒಂದು ಕಡೆ ಹುಷಾರಾಗಿರಬೇಕು. ಅದೇ ಹೆಸರಿನ ಡಬ್ಬಿಯಲ್ಲಿ 55, 58 ಗ್ರೇನ್‌ನ ಹಗುರ ಗುಂಡುಗಳೂ ಬರುತ್ತವೆ. ಅವು ಕುರಿಮರಿ ಹಿಡಿಯುವ ಕಯೋಟಿಗೆ, ಅಂದರೆ ಅಲ್ಲಿನ ತೋಳದಂಥ ನರಿಗೆ ಮಾಡಿದ್ದು. ತಗುಲಿದ ಕೂಡಲೇ ಒಡೆದು ಚೂರಾಗುವಂಥವು. ಜಿಂಕೆಗೆ ಹೊಡೆದರೆ ಮೇಲ್ಮೈಯಲ್ಲೇ ದೊಡ್ಡ ಗಾಯ ಮಾಡಿ ನಿಂತುಬಿಡುತ್ತವೆ. '.243 ಜಿಂಕೆಗೆ ಸಾಲದು' ಅಂತ ಅಲ್ಲಿ ಕೇಳಿಬರುವ ದೂರುಗಳಲ್ಲಿ ಒಂದಷ್ಟು ಈ ತಪ್ಪು ಡಬ್ಬಿಯದೇ ಅಂತ ನನ್ನ ಗುಮಾನಿ. ಜಿಂಕೆಗೆ ಬೇಕಾದದ್ದು 95ರಿಂದ 100 ಗ್ರೇನ್‌ನ ಗಟ್ಟಿ ಗುಂಡು.

ಈ ವಿಡಿಯೊ ನೋಡಿ 'ನಮಗೂ ಬಿಡಲಿ, ಹೊಲ ನುಗ್ಗುವ ಹಂದಿ ಜಿಂಕೆಗೆ ನಾವೂ ಹೊಡೀತೀವಿ' ಅನ್ನುವವರಿದ್ದಾರೆ. ಬೆಳೆ ಕಳೆದುಕೊಂಡವರ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ, ರಾಗಿ ತೆನೆ ಬಂದ ಕಾಲಕ್ಕೆ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂರುವುದು ಯಾರಿಗೂ ಬೇಡ. ಆದರೆ ವಿಡಿಯೊ ತೋರಿಸದ ಭಾಗವನ್ನೂ ನೋಡಬೇಕು. ಅಲ್ಲಿ ಸೀಸನ್ ಇದೆ. ವಿಸ್ಕಾನ್ಸಿನ್ ರಾಜ್ಯದ ಮುಖ್ಯ ಕೋವಿ ಸೀಸನ್ ನವೆಂಬರ್‌ನಲ್ಲಿ ಒಂಬತ್ತೇ ದಿನ. ಪರವಾನಗಿ ಬೇಕು, ಸುರಕ್ಷತೆಯ ತರಬೇತಿ ಬೇಕು, ಇಷ್ಟೇ ಜಿಂಕೆ ಅನ್ನುವ ಮಿತಿ ಇದೆ. 1937ರ ಕಾನೂನಿನ ಪ್ರಕಾರ ರೈಫಲ್ ಮತ್ತು ತೋಟೆಯ ಮೇಲೆ ಶೇ. 11ರಷ್ಟು ತೆರಿಗೆ ಬೀಳುತ್ತದೆ, ಆ ದುಡ್ಡು ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ. ನೂರಿಪ್ಪತ್ತು ವರ್ಷದ ಹಿಂದೆ ಅಲ್ಲಿ ಬಿಳಿಬಾಲದ ಜಿಂಕೆ ಕೆಲವೇ ಲಕ್ಷಕ್ಕೆ ಇಳಿದಿತ್ತು, ಈಗ ಸುಮಾರು ಮೂರು ಕೋಟಿ. ನಮ್ಮಲ್ಲಿ ಬೇಲಿ ಬದಿ ಹಾಕುವುದು ಉರುಳು, ಹಣ್ಣಿನೊಳಗೆ ಇಡುವುದು ಸಿಡಿಮದ್ದು. ದವಡೆ ಹಾರಿದ ಹಂದಿ ಎಷ್ಟು ದಿನ ನರಳಿ ಸಾಯುತ್ತದೆ ಅಂತ ಕಾಡಂಚಿನ ಊರಿನವರಿಗೆ ನಾನು ಹೇಳಬೇಕಿಲ್ಲ. ಉರುಳಿಗೆ ಹಂದಿ, ಚಿರತೆ, ನಮ್ಮದೇ ಹಸು ಅನ್ನುವ ಭೇದವೂ ಇಲ್ಲ.

ಇನ್ನೊಂದು ವಿಷಯ ತೋಟೆಯ ವಾದದಲ್ಲಿ ಬರಬೇಕಾದಷ್ಟು ಬರುವುದಿಲ್ಲ. ಗುಂಡು ಯಾವುದರಿಂದ ಮಾಡಿದ್ದು? ಸಾಮಾನ್ಯ ಬೇಟೆ ಗುಂಡಿನ ಹೊಟ್ಟೆಯಲ್ಲಿ ಸೀಸ ಇರುತ್ತದೆ. ವೇಗವಾಗಿ ಬಡಿದಾಗ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಮಾಂಸದಲ್ಲಿ ಹರಡುತ್ತದೆ. 2008ರಲ್ಲಿ ಉತ್ತರ ಡಕೋಟದಲ್ಲಿ ಬಡವರಿಗೆ ಹಂಚಲು ಬಂದ ಜಿಂಕೆ ಮಾಂಸದಲ್ಲಿ ಸೀಸದ ಚೂರು ಸಿಕ್ಕಿ, ಅದನ್ನು ಹಂಚಬೇಡಿ ಅಂತ ಆರೋಗ್ಯ ಇಲಾಖೆಯೇ ಹೇಳಿತು. ಕಾಡಿನಲ್ಲಿ ಬಿಟ್ಟುಬಂದ ಕರುಳನ್ನು ತಿಂದ ಕ್ಯಾಲಿಫೋರ್ನಿಯದ ಕಾಂಡೋರ್ ಹದ್ದುಗಳು ಸೀಸದ ವಿಷದಿಂದ ಸತ್ತವು. ದನಕ್ಕೆ ಕೊಟ್ಟ ಡೈಕ್ಲೊಫೆನಾಕ್ ನಮ್ಮ ರಣಹದ್ದುಗಳನ್ನು ಮುಗಿಸಿದ ಕಥೆ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ 2006ರಲ್ಲಿ ದನಗಳಿಗೆ ಆ ಔಷಧಿ ನಿಂತಿತು. ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸದ ಗುಂಡು ನಿಂತಿತು.

ಸೀಸದ ಬದಲು ಬಂದದ್ದು ಪೂರ್ತಿ ತಾಮ್ರದ ಗುಂಡು. ಅದು ಚೂರಾಗುವುದಿಲ್ಲ, ಹೂವಿನ ಎಸಳಿನ ಹಾಗೆ ಅರಳಿ ಇಡಿಯಾಗಿಯೇ ಮುಂದೆ ಹೋಗುತ್ತದೆ. ಹಾಗಾಗಿ ಹಗುರ ಗುಂಡೂ ಆಳಕ್ಕೆ ಇಳಿಯುತ್ತದೆ. .243ಕ್ಕೆ 80, 85 ಗ್ರೇನ್‌ನ ತಾಮ್ರದ ಗುಂಡು ಸಿಗುತ್ತದೆ. ಸಣ್ಣ ತೋಟೆಯ ಮೇಲಿದ್ದ ಹಳೆಯ ದೂರು, ಗುಂಡು ಆಚೆ ಬರುವುದಿಲ್ಲ ಅನ್ನುವುದು, ಇದರಿಂದ ಬಹಳಷ್ಟು ಕಡಿಮೆಯಾಗಿದೆ. ಬೆಲೆ ಸೀಸದ್ದಕ್ಕಿಂತ ಜಾಸ್ತಿ, ಅದು ನಿಜ. ಮತ್ತೆ ತಾಮ್ರ ಹಗುರ ಲೋಹವಾದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಎಲ್ಲ ಹಳೆಯ ರೈಫಲ್‌ಗಳೂ ಅದನ್ನು ಒಂದೇ ಜಾಗಕ್ಕೆ ಹೊಡೆಯುವುದಿಲ್ಲ. ಮೊದಲು ಒಂದು ಡಬ್ಬಿ ತಂದು, ಸೀಸನ್‌ಗೆ ತಿಂಗಳ ಮುಂಚೆಯೇ ನೂರು ಗಜದಲ್ಲಿ ಕಾಗದ ಕಟ್ಟಿ ಹೊಡೆದು ನೋಡಬೇಕು.