ಆ ಊರಿನ ಮೌನಕ್ಕೆ ಬೆಲೆ ತೆತ್ತವರು ಯಾರು?

ವಿಲಾಯಿತಿಗೆ ಹೋಗಿ ಬಂದ ನಮ್ಮ ದೊಡ್ಡ ಮನುಷ್ಯರು ಸಭೆ ಸಮಾರಂಭಗಳಲ್ಲಿ ಒಂದು ಮಾತನ್ನು ತಪ್ಪದೆ ಹೇಳುತ್ತಾರೆ. "ಅಲ್ಲಿಯ ಸಣ್ಣ ಊರುಗಳನ್ನು ನೀವು ನೋಡಬೇಕು. ಗಲಾಟೆಯಿಲ್ಲ, ಮೆರವಣಿಗೆಯಿಲ್ಲ, ಧಿಕ್ಕಾರವಿಲ್ಲ. ಎಲ್ಲರೂ ತಂತಮ್ಮ ಕೆಲಸ ನೋಡಿಕೊಂಡು ಇರುತ್ತಾರೆ. ಅದಕ್ಕೇ ಆ ದೇಶ ಮುಂದೆ ಬಂತು." ಇಷ್ಟು ಹೇಳಿ ಅವರು ಹಿಂದಿನ ಸಾಲಿನಲ್ಲಿ ಕುಳಿತ ಮಿಲ್ ಕೆಲಸಗಾರರ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾರೆ. ಮಾತು ಯಾರಿಗೆ ಎಂಬುದು ಎಲ್ಲರಿಗೂ ತಿಳಿಯುತ್ತದೆ.

ನಾವೂ ಅಂಥದೊಂದು ಊರಿಗೆ ಹೋಗಿ ಬಂದೆವು. ಊರಿನ ಹೆಸರು ಚಿಪ್ಪಿಂಗ್ ನಾರ್ಟನ್. ಆಕ್ಸ್‌ಫರ್ಡಿನಿಂದ ವಾಯವ್ಯಕ್ಕೆ ಸುಮಾರು 20 ಮೈಲಿ. ಬಸ್ಸು ಹಸಿರು ದಿಣ್ಣೆಗಳನ್ನು ಏರಿ ಇಳಿದು ನಮ್ಮನ್ನು ಪೇಟೆಯ ನಡುವೆ ಇಳಿಸಿತು. ಜೇನಿನ ಬಣ್ಣದ ಕಲ್ಲಿನ ಮನೆಗಳು, 1842ರಲ್ಲಿ ಕಟ್ಟಿದ ಕಂಬಗಳ ಪುರಭವನ, ಇಳಿಜಾರಿನಲ್ಲಿ ಹಳೆಯ ಚರ್ಚು. ಅಂದು ಬುಧವಾರ, ಸಂತೆಯ ದಿನ. ಕೆಲವು ಅಂಗಡಿಗಳು ಗುಡಾರ ಹಾಕಿದ್ದವು. ಕೊಳ್ಳುವವರಾಗಲಿ ಮಾರುವವರಾಗಲಿ ದನಿಯೆತ್ತಿ ಮಾತಾಡಲಿಲ್ಲ. ನಮ್ಮ ದೊಡ್ಡ ಮನುಷ್ಯರು ಹೇಳಿದ್ದು ಸುಳ್ಳಲ್ಲ. ಊರು ಮೌನವಾಗಿಯೇ ಇತ್ತು.

ಆದರೆ ಮೌನ ಎರಡು ಬಗೆ. ಹೊಟ್ಟೆ ತುಂಬಿ ಮಲಗಿದ ಮಗುವಿನ ಮೌನ ಒಂದು. ಜನ ಬಿಟ್ಟುಹೋದ ಮನೆಯ ಮೌನ ಇನ್ನೊಂದು. ಈ ಊರಿನದು ಯಾವುದು? ಇದನ್ನು ಕೇಳದೆ ಫೋಟೋ ತೆಗೆದುಕೊಂಡು ಬಂದವರು ನಮಗೆ ಉಪದೇಶ ಮಾಡಬಾರದು.

ಹೆಸರಿನಲ್ಲೇ ಸಂತೆ

'ಚಿಪ್ಪಿಂಗ್' ಎಂಬುದು ಹಳೆಯ ಇಂಗ್ಲಿಷಿನಲ್ಲಿ ಸಂತೆಗೆ ಇದ್ದ ಹೆಸರು. ಸುತ್ತಲಿನ ಗುಡ್ಡಗಳಲ್ಲಿ ಕುರಿ, ಕುರಿಯಿಂದ ಉಣ್ಣೆ, ಉಣ್ಣೆಯಿಂದ ಹಣ. ಸಾಹುಕಾರರು ಆ ಹಣದಲ್ಲಿ ಚರ್ಚನ್ನು ಎತ್ತರಿಸಿದರು. 1640ರಲ್ಲಿ ಹೆನ್ರಿ ಕಾರ್ನಿಷ್ ಎಂಬಾತ ಬಡ ವಿಧವೆಯರಿಗಾಗಿ ಎಂಟು ಮನೆಗಳ ಸಾಲನ್ನು ಕಟ್ಟಿಸಿದ. ಅದು ಇಂದಿಗೂ ನಿಂತಿದೆ. ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ.

ಆದರೆ ವಿಧವೆಗೆ ಮನೆ ಸಿಕ್ಕಿದ ನಾಡಿನಲ್ಲೇ ರೈತನ ನೆಲ ಹೋಯಿತು. ಊರವರೆಲ್ಲ ದನ ಕುರಿ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಸಾರ್ವಜನಿಕ ಭೂಮಿಗೆ ಇಂಗ್ಲೆಂಡಿನ ಜಮೀನುದಾರರು ಬೇಲಿ ಹಾಕಿದರು. ಕದ್ದು ಹಾಕಲಿಲ್ಲ, ಕಾಯಿದೆ ಮಾಡಿಯೇ ಹಾಕಿದರು. 1604ರಿಂದ 1914ರವರೆಗೆ ಅಲ್ಲಿಯ ಪಾರ್ಲಿಮೆಂಟು ಇಂಥ 5,200ಕ್ಕೂ ಹೆಚ್ಚು ಕಾಯಿದೆಗಳನ್ನು ಮಾಡಿತು. ಅವುಗಳಿಂದ ಬೇಲಿಯೊಳಗೆ ಸೇರಿದ ನೆಲ ಸುಮಾರು 68 ಲಕ್ಷ ಎಕರೆ. ನೆಲ ಹೋದವನು ಅದೇ ನೆಲದಲ್ಲಿ ದಿನಗೂಲಿಯಾದ. ಪ್ರವಾಸಿಗಳು ಕಣ್ಣರಳಿಸಿ ನೋಡುವ ಆ ಅಚ್ಚುಕಟ್ಟಾದ ಹಸಿರು ಬೇಲಿಗಳ ಚರಿತ್ರೆ ಇಷ್ಟು.

ಹದಿನಾರು ಹೆಂಗಸರು

ಊರಿಗೆ ಕೆಲವೇ ಮೈಲಿ ದೂರದಲ್ಲಿ ಆಸ್ಕಾಟ್-ಅಂಡರ್-ವಿಚ್‌ವುಡ್ ಎಂಬ ಹಳ್ಳಿಯಿದೆ. ಜೋಸೆಫ್ ಆರ್ಚ್ ಎಂಬ ಕೂಲಿಕಾರ ಮುಂದಾಳು 1872ರಲ್ಲಿ ಕೃಷಿ ಕಾರ್ಮಿಕರ ರಾಷ್ಟ್ರೀಯ ಸಂಘ ಕಟ್ಟಿದ. ಮರುವರ್ಷ ಈ ಹಳ್ಳಿಯ ಕೂಲಿಗಳು ಹೆಚ್ಚು ಕೂಲಿಗಾಗಿ ಕೆಲಸ ನಿಲ್ಲಿಸಿದರು. ಜಮೀನು ನಡೆಸುತ್ತಿದ್ದವನು ಹೊರಗಿನಿಂದ ಇಬ್ಬರು ಹುಡುಗರನ್ನು ಕರೆಸಿದ. 1873ರ ಮೇ ತಿಂಗಳಲ್ಲಿ ಹಳ್ಳಿಯ ಹೆಂಗಸರು ದಾರಿಗೆ ಅಡ್ಡ ನಿಂತರು. "ನಮ್ಮ ಗಂಡಂದಿರ ಹೊಟ್ಟೆಯ ಮೇಲೆ ಹೊಡೆಯಬೇಡಿ, ಹಿಂತಿರುಗಿ" ಎಂಬುದೇ ಅವರ ಅಹವಾಲು. ಹುಡುಗರಿಗೆ ಏಟು ಬೀಳಲಿಲ್ಲ.

ಹದಿನಾರು ಹೆಂಗಸರನ್ನು ಚಿಪ್ಪಿಂಗ್ ನಾರ್ಟನ್ನಿನ ನ್ಯಾಯಸ್ಥಾನದ ಮುಂದೆ ನಿಲ್ಲಿಸಿದರು. ಪೀಠದ ಮೇಲೆ ಕುಳಿತ ಮ್ಯಾಜಿಸ್ಟ್ರೇಟರಿಬ್ಬರೂ ಪಾದ್ರಿಗಳು! ಭಾನುವಾರ ಕರುಣೆಯನ್ನು ಬೋಧಿಸುವ ಬಾಯಿಂದಲೇ ಅಂದು ಶಿಕ್ಷೆ ಹೊರಬಿತ್ತು. 1871ರ ಕಾಯಿದೆಯ ಪ್ರಕಾರ ಏಳು ಮಂದಿಗೆ ಹತ್ತು ದಿನ, ಒಂಬತ್ತು ಮಂದಿಗೆ ಏಳು ದಿನ, ಎಲ್ಲರಿಗೂ ಕಠಿಣ ಸಜೆ. ಇಬ್ಬರ ಕಂಕುಳಲ್ಲಿ ಹಸುಗೂಸುಗಳಿದ್ದವು. ಕೂಸುಗಳೂ ಜೈಲಿಗೆ ಹೋದವು.

ಅಂದು ರಾತ್ರಿ ಆ 'ಶಾಂತ' ಊರು ಏನು ಮಾಡಿತು ಗೊತ್ತೇ? ಜನ ನ್ಯಾಯಸ್ಥಾನಕ್ಕೆ ಮುತ್ತಿಗೆ ಹಾಕಿದರು. ಕಿಟಕಿಯ ಗಾಜುಗಳು ಪುಡಿಯಾದವು. ಹಗಲಿನಲ್ಲಿ ಹೆಂಗಸರನ್ನು ಸಾಗಿಸುವ ಧೈರ್ಯ ಪೋಲೀಸರಿಗೆ ಬರಲಿಲ್ಲ. ನಡುರಾತ್ರಿ ಕಳೆದ ಮೇಲೆ ತೆರೆದ ಕುದುರೆಗಾಡಿಯಲ್ಲಿ ಆಕ್ಸ್‌ಫರ್ಡಿನ ಜೈಲಿಗೆ ಒಯ್ದರು. ಸುದ್ದಿ ದೇಶವೆಲ್ಲ ಹಬ್ಬಿತು, ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತು. 1875ರಲ್ಲಿ ಆ ಕಾಯಿದೆ ರದ್ದಾಗಿ, ಶಾಂತಿಯುತ ಪಿಕೆಟಿಂಗ್ ಅಪರಾಧವಲ್ಲವೆಂದಾಯಿತು.

ಓದುಗರು ಇದನ್ನು ಗಮನಿಸಬೇಕು. ಆ ದೇಶ ಮುಂದೆ ಬಂದದ್ದು ಸುಮ್ಮನಿದ್ದವರಿಂದಲ್ಲ, ಕೂಗಿದವರಿಂದ. ಕೃಷಿ ಕೂಲಿಗೆ ಓಟು ಬಂದದ್ದು 1884ರಲ್ಲಿ. ಹೆಂಗಸರಿಗೆ ಗಂಡಸರ ಸರಿಸಮನಾಗಿ ಓಟು ಬಂದದ್ದು 1928ರಲ್ಲಿ. ಇವೆರಡೂ ಬೀದಿಯಲ್ಲಿ ಹುಟ್ಟಿದ ಹಕ್ಕುಗಳು.

ಅರಮನೆಯಂಥ ಮಿಲ್ಲು

ಊರ ಪಶ್ಚಿಮಕ್ಕೆ ತಗ್ಗಿನಲ್ಲಿ ಬ್ಲಿಸ್ ಮನೆತನದ ಉಣ್ಣೆ ಬಟ್ಟೆಯ ಮಿಲ್ಲು ಕಾಣುತ್ತದೆ. ಹಳೆಯದು 1872ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಲ್ಯಾಂಕಷೈರಿನ ವಾಸ್ತುಶಿಲ್ಪಿಯೊಬ್ಬನಿಂದ ಇದನ್ನು ಕಟ್ಟಿಸಿದರು. ದೂರದಿಂದ ನೋಡಿದರೆ ಯಾವನೋ ಜಹಗೀರುದಾರನ ಬಂಗಲೆಯೆಂದು ತೋರಬೇಕು, ಕಾರ್ಖಾನೆಯೆಂದು ತೋರಬಾರದು ಎಂಬಂತೆ ಕಟ್ಟಿದ್ದಾರೆ. ಗುಮ್ಮಟ, ಗುಮ್ಮಟದ ತಲೆಯಿಂದ ಮೇಲೆದ್ದ ಚಿಮಣಿ. ದುಡಿಯುವುದು ಕಣ್ಣಿಗೆ ಬೀಳದಂತೆ ದುಡಿಸಿಕೊಳ್ಳುವುದು ಬಂಡವಾಳಶಾಹಿಯ ಹಳೆಯ ಆಸೆ. ಅದು ಇಲ್ಲಿ ಕಲ್ಲಿನಲ್ಲೇ ನಿಂತಿದೆ.

ಈ ಮಿಲ್ಲಿನ ಕೆಲಸಗಾರರೂ ಸುಮ್ಮನಿರಲಿಲ್ಲ. 1913ರಲ್ಲಿ ಸಂಘ ಸೇರಿದರು. ಸಂಘದ ಮುಂದಾಳುಗಳಿಗೆ ಕೆಲಸ ಹೋಯಿತು. ಆ ವರ್ಷದ ಡಿಸೆಂಬರಿನಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಮಗ್ಗ ಬಿಟ್ಟು ಹೊರಬಂದರು. ಅವರಲ್ಲಿ ಹೆಂಗಸರು ಬಹಳ. ಚಳಿಗಾಲವಿಡೀ ಹಿಡಿದ ಪಟ್ಟು ಬಿಡಲಿಲ್ಲ. ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ಬಂದು ಬೆಂಬಲಕ್ಕೆ ನಿಂತರು. ಅರ್ಧ ವರ್ಷ ಹಸಿವೆಯೊಡನೆ ಹೋರಾಡಿ 1914ರ ಬೇಸಗೆಯಲ್ಲಿ ಸೋತರು. ಸೋತರೆಂದು ನಾವು ತಲೆ ತಗ್ಗಿಸುವುದಿಲ್ಲ. ಸೋತ ಮುಷ್ಕರಗಳ ಮೇಲೆ ಕಾಲಿಟ್ಟೇ ಗೆದ್ದ ಮುಷ್ಕರಗಳು ಮೇಲೆದ್ದಿವೆ.

1980ರಲ್ಲಿ ಮಿಲ್ಲು ಮುಚ್ಚಿತು. ಆಮೇಲೆ ಅದೇ ಕಟ್ಟಡದಲ್ಲಿ ಉಳ್ಳವರಿಗಾಗಿ ಸೊಗಸಾದ ಮನೆಗಳನ್ನು ಮಾಡಿದರು. ಮಗ್ಗವಿದ್ದ ಕಡೆ ಮೆತ್ತೆಯ ಕುರ್ಚಿ ಬಂತು. ಚಿಮಣಿ ಉಳಿಯಿತು, ಹೊಗೆ ಹೋಯಿತು, ಹೊಗೆಯ ಜೊತೆ ಕೂಲಿಯೂ ಹೋಯಿತು. ಬೆಂಗಳೂರಿನ ಬಿನ್ನಿ ಮಿಲ್ಲಿನ ಜಾಗದಲ್ಲಿ, ಮುಂಬಯಿಯ ಗಿರಣಗಾಂವಿನಲ್ಲಿ ಎದ್ದ ಗೋಪುರಗಳನ್ನು ಕಂಡವರಿಗೆ ಈ ಕಥೆ ಹೊಸದಲ್ಲ.

ಅಂಗಡಿಯವರಿಗೆ ಒಂದು ಮಾತು

ನಮ್ಮ ಓದುಗರಲ್ಲಿ ಚಿಲ್ಲರೆ ಅಂಗಡಿಯವರು ಬಹಳ ಮಂದಿ. "ಮಿಲ್ಲಿನವರ ಕಥೆ ನಮಗೇಕೆ? ಮುಷ್ಕರವಾದರೆ ನಮಗೆ ಸಾಲ ಹೆಚ್ಚಾಗುತ್ತದೆ, ಅಷ್ಟೆ" ಎಂದು ಕೆಲವರು ನೇರವಾಗಿಯೇ ಹೇಳುತ್ತಾರೆ. ಅವರು ಈ ಊರನ್ನು ನೋಡಬೇಕು. ಕೂಲಿಯವನ ಕೈಯಲ್ಲಿ ಕಾಸಿದ್ದಾಗ ಅಂಗಡಿಯವನು ರೊಟ್ಟಿ ಮಾರುತ್ತಾನೆ, ಬೂಟು ಮಾರುತ್ತಾನೆ, ಮೊಳೆ ಮಾರುತ್ತಾನೆ. ಕೂಲಿಯವನು ಊರು ಬಿಟ್ಟ ಮೇಲೆ ಅದೇ ಬೀದಿಯಲ್ಲಿ ಹಳೆಯ ಕುರ್ಚಿ, ಹಳೆಯ ಗಡಿಯಾರ ಮಾರುವ ಅಂಗಡಿಗಳು ಏಳುತ್ತವೆ. ಆ ಗಿರಾಕಿ ವಾರಕ್ಕೊಮ್ಮೆ ಚೀಲ ಹಿಡಿದು ಬರುವವನಲ್ಲ, ಮನಸ್ಸು ಬಂದಾಗ ಕಾರಿನಲ್ಲಿ ಬರುವವನು. ಸಂತೆಯ ಹೆಸರು ಹೊತ್ತ ಊರಿನಲ್ಲಿ ಸಂತೆಯೇ ಸಣ್ಣದಾಗಿ ಕುಳಿತಿತ್ತು.

ಊರಿಗೆ ರೈಲು ಬಂದದ್ದು 1855ರಲ್ಲಿ. 1962ರಲ್ಲಿ ಪ್ರಯಾಣಿಕರ ರೈಲು ನಿಂತಿತು, 1964ರಲ್ಲಿ ದಾರಿಯೇ ಮುಚ್ಚಿತು. ಲಾಭವಿಲ್ಲವೆಂದು ಲೆಕ್ಕ ತೋರಿಸಿ ಆ ಕಾಲದಲ್ಲಿ ದೇಶದುದ್ದಕ್ಕೂ ಹಳ್ಳಿಯ ರೈಲುಗಳನ್ನು ಕಿತ್ತರು. ಉಳಿದದ್ದು ಬಸ್ಸು. ಅದರ ಕಥೆಯನ್ನೂ ಕೇಳಿ.

ಡೇವಿಡ್ ಕ್ಯಾಮರಾನ್ 2001ರಿಂದ 2016ರವರೆಗೆ ಈ ಊರು ಸೇರಿದ ಕ್ಷೇತ್ರದ ಪ್ರತಿನಿಧಿಯಾಗಿದ್ದರು. 2010ರಿಂದ 2016ರವರೆಗೆ ಪ್ರಧಾನಿಯೂ ಆಗಿದ್ದರು. ಸುತ್ತಮುತ್ತ ಮನೆ ಮಾಡಿದ್ದ ಅವರ ಸಿರಿವಂತ ಗೆಳೆಯರ ಗುಂಪಿಗೆ ಪತ್ರಿಕೆಗಳು 'ಚಿಪ್ಪಿಂಗ್ ನಾರ್ಟನ್ ಕೂಟ' ಎಂದೇ ಹೆಸರಿಟ್ಟವು. ಮಿತವ್ಯಯದ ಹೆಸರಿನಲ್ಲಿ ಇವರ ಸರ್ಕಾರ ಸ್ಥಳೀಯ ಸಂಸ್ಥೆಗಳ ಅನುದಾನ ಕತ್ತರಿಸಿತು. 2015ರಲ್ಲಿ ಇದೇ ಪ್ರಧಾನಿ ತಮ್ಮ ಜಿಲ್ಲೆಯ ಕೌನ್ಸಿಲಿಗೆ ಕಾಗದ ಬರೆದರು: ಮುದುಕರ ಕೇಂದ್ರಗಳಿಗೆ, ಪುಸ್ತಕ ಭಂಡಾರಗಳಿಗೆ ಏಕೆ ಕತ್ತರಿ ಹಾಕುತ್ತೀರಿ ಎಂದು! ಕತ್ತರಿ ಕೊಟ್ಟವರು ಅವರೇ, ಬಟ್ಟೆ ಹರಿಯಿತೆಂದು ಬೈದವರೂ ಅವರೇ. ಅವರದೇ ಪಕ್ಷದ ಕೌನ್ಸಿಲ್ ಮುಖ್ಯಸ್ಥರು ಲೆಕ್ಕ ಬಿಡಿಸಿ ಉತ್ತರ ಬರೆಯಬೇಕಾಯಿತು. 2016ರಲ್ಲಿ ಆ ಕೌನ್ಸಿಲು ಹಳ್ಳಿ ಬಸ್ಸುಗಳಿಗೆ ಕೊಡುತ್ತಿದ್ದ ಸಹಾಯಧನವನ್ನು ನಿಲ್ಲಿಸಿಬಿಟ್ಟಿತು. ಕಾರಿದ್ದವನಿಗೆ ಏನೂ ತಿಳಿಯಲಿಲ್ಲ. ಕಾರಿಲ್ಲದ ಮುದುಕಿ ಮನೆಯಲ್ಲಿ ಉಳಿದಳು. ಇದೂ ಮೌನವೇ!

ನಮ್ಮ ಹಣವೂ ಅಲ್ಲಿದೆ

ಊರಿನಿಂದ ಪಶ್ಚಿಮಕ್ಕೆ ನಾಲ್ಕೈದು ಮೈಲಿ ನಡೆದರೆ ಡೇಲ್ಸ್‌ಫರ್ಡ್. ಅಲ್ಲೊಂದು ಮಹಲಿದೆ. ಕಟ್ಟಿಸಿದವನು ವಾರನ್ ಹೇಸ್ಟಿಂಗ್ಸ್. 1780ರಿಂದ 1784ರವರೆಗೆ ಹೈದರನೂ ಆತನ ತರುವಾಯ ಟಿಪ್ಪುವೂ ಕಂಪೆನಿಯೊಡನೆ ಎರಡನೆಯ ಮೈಸೂರು ಯುದ್ಧ ನಡೆಸಿದಾಗ ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ಆಗಿದ್ದವನು ಇವನೇ. ಆ ಯುದ್ಧ 1784ರಲ್ಲಿ ನಮ್ಮ ಮಂಗಳೂರಿನ ಒಪ್ಪಂದದಲ್ಲಿ ಮುಗಿಯಿತು. ತಾಯ್ನಾಡಿಗೆ ಮರಳಿದ ಹೇಸ್ಟಿಂಗ್ಸ್ 1788ರಲ್ಲಿ ತನ್ನ ಹಿರಿಯರು ಕಳೆದುಕೊಂಡಿದ್ದ ಈ ಜಹಗೀರನ್ನು ಹಿಂದಕ್ಕೆ ಕೊಂಡ. ಅದೇ ವರ್ಷ ಪಾರ್ಲಿಮೆಂಟಿನಲ್ಲಿ ಅವನ ಮೇಲೆ ವಿಚಾರಣೆ ಶುರುವಾಗಿ 1795ರಲ್ಲಿ ಖುಲಾಸೆಯಲ್ಲಿ ಮುಗಿಯಿತು. ಕಂಪೆನಿ ಅವನಿಗೆ ವರ್ಷಕ್ಕೆ 4,000 ಪೌಂಡು ವಿಶ್ರಾಂತಿ ವೇತನ ಕೊಟ್ಟಿತು. ಕಂಪೆನಿಯ ಬೊಕ್ಕಸ ತುಂಬಿದ್ದು ಯಾರ ಕಂದಾಯದಿಂದ ಎಂದು ಬಿಡಿಸಿ ಹೇಳಬೇಕೆ? ದಾರಿಗೆ ಅಡ್ಡ ನಿಂತ ಹೆಂಗಸರಿಗೆ ಕಠಿಣ ಸಜೆ, ದೇಶಕ್ಕೆ ದೇಶವನ್ನೇ ಹಿಂಡಿದವನಿಗೆ ಪೆನ್ಷನ್ನು. ಒಂದೇ ಸೀಮೆಯ ಎರಡು ನ್ಯಾಯಗಳಿವು.

ಆ ಜಹಗೀರು ಈಗ ಜೆಸಿಬಿ ಯಂತ್ರಗಳ ಒಡೆಯರಾದ ಬ್ಯಾಮ್‌ಫರ್ಡ್ ಮನೆತನದ ಕೈಯಲ್ಲಿದೆ. ನಮ್ಮ ಹಳ್ಳಿಯ ಮಕ್ಕಳೂ ಹೆಸರು ಬಲ್ಲ ಹಳದಿ ಯಂತ್ರ ಅದೇ. ಈ ಕಂಪೆನಿ 1979ರಲ್ಲಿ ಭಾರತದಲ್ಲಿ ಕಾರ್ಖಾನೆ ತೆರೆಯಿತು. ಹೇಸ್ಟಿಂಗ್ಸನ ಲೂಟಿಯೂ ಯಂತ್ರದ ವ್ಯಾಪಾರವೂ ಒಂದೇ ಎಂದು ನಾವು ಹೇಳುವುದಿಲ್ಲ. ಆ ಶಾಂತ ಸೀಮೆಯ ಸಿರಿ ಅಲ್ಲಿಯ ಹುಲ್ಲಿನಿಂದ ಮಾತ್ರ ಬೆಳೆದದ್ದಲ್ಲ, ಅಂದಿನಿಂದ ಇಂದಿನವರೆಗೆ ದೂರದ ನೆಲಗಳ ದುಡಿಮೆಯೂ ಅದರಲ್ಲಿ ಸೇರಿದೆ ಎಂದಷ್ಟೇ ಹೇಳುತ್ತೇವೆ.

ನಮ್ಮ ಉತ್ತರ

"ಹಾಗಾದರೆ ಆ ಊರಿನಲ್ಲಿ ಕಲಿಯುವುದು ಏನೂ ಇಲ್ಲವೇ?" ಎಂದು ದೊಡ್ಡ ಮನುಷ್ಯರು ಕೇಳಬಹುದು. ಬೇಕಾದಷ್ಟಿದೆ. ಹಳೆಯ ಕಟ್ಟಡ ಕೆಡವದಿರುವುದನ್ನು ಕಲಿಯೋಣ. ಹೊಲದ ನಡುವಿನ ಕಾಲುದಾರಿಯ ಮೇಲೆ ಸಾಮಾನ್ಯನಿಗಿರುವ ಹಕ್ಕನ್ನು ಕಲಿಯೋಣ. ಬೀದಿಯ ಚೊಕ್ಕಟವನ್ನು ಕಲಿಯೋಣ, ಜೊತೆಗೆ ಚೊಕ್ಕಟ ಮಾಡುವವನಿಗೆ ಕೂಲಿ ಎಷ್ಟು ಎಂದೂ ಕೇಳೋಣ. ಎಲ್ಲಕ್ಕಿಂತ ಮುಖ್ಯವಾಗಿ, ಕಂಕುಳಲ್ಲಿ ಕೂಸಿಟ್ಟುಕೊಂಡು ಜೈಲಿಗೆ ಹೋಗಿ ಒಂದು ಕೆಟ್ಟ ಕಾಯಿದೆಯ ಬುಡ ಅಲ್ಲಾಡಿಸಿದ ಆ ಹೆಂಗಸರಿಂದ ಕಲಿಯೋಣ.

ಆಸ್ಕಾಟಿನಲ್ಲಿ ಅವರ ನೆನಪಿಗೆ ಒಂದು ಮರವಿದೆ, ಮರದ ಸುತ್ತ ಕೂರುವ ಕಟ್ಟೆಯಿದೆ. ಶಿಕ್ಷೆ ಕೊಟ್ಟ ಪಾದ್ರಿಗಳನ್ನು ಇಂದು ಜನ ನೆನೆಯುವುದಿದ್ದರೆ ಅದೂ ಈ ಹೆಂಗಸರ ಕಥೆಯಿಂದಲೇ.

ಮುಂದಿನ ಸಲ ಯಾರಾದರೂ ವೇದಿಕೆ ಹತ್ತಿ ವಿಲಾಯಿತಿಯ ಮೌನವನ್ನು ಹೊಗಳಿದರೆ ಹಿಂದಿನ ಸಾಲಿನವರು ಎದ್ದು ನಿಂತು ಮೂರು ಪ್ರಶ್ನೆ ಕೇಳಬೇಕು. ಆ ಊರಿನ ಮಿಲ್ಲು ಏನಾಯಿತು? ಆ ಊರಿನ ರೈಲು ಏನಾಯಿತು? ಆ ಊರಿನಲ್ಲಿ ಹಿಂದೆ ದನಿಯೆತ್ತಿದವರು ಯಾರು? ಉತ್ತರ ಗೊತ್ತಿಲ್ಲದಿದ್ದರೆ ಅವರು ಆ ಊರನ್ನು ನೋಡಿಲ್ಲ, ಅದರ ಗೋಡೆಗಳನ್ನು ನೋಡಿ ಬಂದಿದ್ದಾರೆ.

ನಮ್ಮ ಊರಿಗೆ ಶಾಂತಿ ಬೇಕು. ಆದರೆ ಮಗ್ಗ ನಿಂತು, ಸಂತೆ ಸೊರಗಿ, ಬಸ್ಸು ತಪ್ಪಿ ಬರುವ ಶಾಂತಿ ಬೇಡ. ದುಡಿದವನು ಸಂಜೆ ಹೊಟ್ಟೆ ತುಂಬ ಉಂಡು ನಿಶ್ಚಿಂತೆಯಿಂದ ಮಲಗುವ ಶಾಂತಿ ಬೇಕು. ಅದು ಬರುವವರೆಗೆ ಸ್ವಲ್ಪ ಗದ್ದಲವಾದರೆ ದೊಡ್ಡ ಮನುಷ್ಯರು ಸಹಿಸಿಕೊಳ್ಳಲಿ.