ಎಣ್ಣಿ ಪಂಪು ಕೆನಾಲಿನಾಗ ತೊಳೆಯೋದು ಬಿಡೋಣ

ನಮ್ಮ ವನದುರ್ಗದ ಕಡೆ ಕೀಟನಾಶಕಕ್ಕೆ ಯಾರೂ ಕೀಟನಾಶಕ ಎನ್ನುವುದಿಲ್ಲ, ‘ಎಣ್ಣಿ’ ಅಂತಾರೆ. ಹತ್ತಿಗೆ ಎಣ್ಣಿ ಹೊಡೆದಿ ಏನು, ಮೆಣಸಿನಗಿಡಕ್ಕೆ ಯಾವ ಎಣ್ಣಿ ತಂದಿ, ಹೀಗೆ. ವಿಷಕ್ಕೆ ಅಡಿಗೆಮನೆಯ ಹೆಸರಿಟ್ಟ ಮೇಲೆ ಅದರ ಅಂಜಿಕೆಯೇ ಹೋಗಿಬಿಟ್ಟಿದೆ ಎಂದು ನನಗನಿಸುತ್ತದೆ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಒಂದು ದಿನ ಹತ್ತಿಗೆ ಹೊಡೆದು ಮುಗಿಸಿ, ಎಂದಿನಂತೆ ಬೆನ್ನಿನ ಪಂಪನ್ನು ಕೆನಾಲಿಗೆ ಇಳಿಸಿ ಜಾಲಾಡಿಸುತ್ತಿದ್ದೆ. ನೀರು ಹಾಲಿನಂತೆ ಬೆಳ್ಳಗಾಗಿ ಕೆಳಗೆ ಹರಿಯಿತು. ಅಷ್ಟರಲ್ಲಿ ಒಬ್ಬ ಮುದುಕಿ ಕೊಡ ಹಿಡಿದು ಕೂಗಿದಳು: “ತಮ್ಮಾ, ಕೆಳಗ ನಾವು ನೀರು ತುಂಬ್ಲಾಕತ್ತೀವಿ, ಕಣ್ಣಿಗಿ ಕಾಣವಲ್ದೇನು?” ನಾನು ಏನು ಹೇಳಲಿ? ಪಂಪು ಎತ್ತಿಕೊಂಡು ಮನೆಗೆ ಬಂದೆ.

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಈ ಸೀಮೆಗೆ ಬಂದ ಮೇಲೆ ಜೋಳದ ಹೊಲಗಳು ಭತ್ತ, ಹತ್ತಿ, ಮೆಣಸಿನಕಾಯಿ ಕಂಡವು. ನೀರಿನ ಜೊತೆಗೇ ಎಣ್ಣಿಯೂ ಬಂತು. “ಅಷ್ಟು ನೀರು ಹರೀತದ, ಒಂದು ಪಂಪಿನ ಎಣ್ಣಿ ಏನು ಮಾಡೀತು?” ಎನ್ನುವವರಿದ್ದಾರೆ. ಒಂದು ಪಂಪಾದರೆ ಸರಿ. ಹುಳ ಬಿದ್ದ ವಾರ ಊರಿಗೆ ಊರೇ ಹೊಡೆಯುತ್ತದಲ್ಲ! ಮೇಲೆ ನೀರು ನಿಲ್ಲಿಸಿದಾಗ ಕೆನಾಲಿನ ತಗ್ಗಿನಲ್ಲಿ ಉಳಿದದ್ದನ್ನೇ ದನ ಕುಡಿಯುತ್ತವೆ. ಮೀನು ಹಿಡಿಯುವ ಹುಡುಗರೂ ಅಲ್ಲೇ.

ಕಾಸರಗೋಡಿನ ಪಡ್ರೆಯ ಕಥೆ ಈ ಪತ್ರಿಕೆ ಓದುವವರಿಗೆ ಹೊಸದಲ್ಲ. ಗುಡ್ಡದ ಗೇರು ತೋಪಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು, 2000ನೇ ಇಸವಿಯವರೆಗೂ. ಕೆಳಗಿನ ಹಳ್ಳಿಯ ಜನ ಅದೇ ಗುಡ್ಡದ ನೀರು ಕುಡಿದರು. ಸುಪ್ರೀಂ ಕೋರ್ಟ್ ಆ ವಿಷವನ್ನು ತಡೆದದ್ದು 2011ರಲ್ಲಿ. ಅಲ್ಲಿ ಸುರಿದವರು ಬೇರೆ, ಕುಡಿದವರು ಬೇರೆ. ಬೈಯಲಿಕ್ಕೆ ಒಬ್ಬರು ಇದ್ದರು. ನಮ್ಮಲ್ಲಿ ಸುರಿಯುವವರೂ ನಾವೇ, ಕುಡಿಯುವವರೂ ನಾವೇ.

ಖಾಲಿ ಡಬ್ಬಿಯದು ಇನ್ನೊಂದು ಗೋಳು. ತೊಳೆದು ಸೀಮೆಎಣ್ಣೆ, ಉಪ್ಪು, ಕೆಲವರು ಕುಡಿಯುವ ನೀರನ್ನೂ ತುಂಬಿಡುತ್ತಾರೆ. 2013ರ ಜುಲೈಯಲ್ಲಿ ಬಿಹಾರದ ಛಪ್ರಾ ಹತ್ತಿರದ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡಿಗೆ ಎಣ್ಣೆಯಲ್ಲಿ ಮೊನೊಕ್ರೋಟೊಫಾಸ್ ಸಿಕ್ಕಿತು. ಕೀಟನಾಶಕದ ಡಬ್ಬಿಯಲ್ಲಿ ಎಣ್ಣೆ ಇಟ್ಟಿದ್ದರೆಂದು ಅಧಿಕಾರಿಗಳು ಹೇಳಿದರು. ಎಣ್ಣಿ ಡಬ್ಬಿಯಲ್ಲಿ ಎಣ್ಣೆ!

ಡಬ್ಬಿಗಳನ್ನು ಬಯಲಲ್ಲಿ ಬಿಡಬಾರದು, ಮತ್ತೆ ಬಳಸದಂತೆ ಒಡೆದು ಊರಿನಿಂದ ದೂರ ಹೂಳಬೇಕು ಎಂದು 1971ರ ಕೀಟನಾಶಕ ನಿಯಮದಲ್ಲಿಯೇ ಇದೆ. ನಮ್ಮ ಕೆನಾಲ್ ಒಡ್ಡಿನ ಮೇಲೆ ಒಮ್ಮೆ ನಡೆದು ನೋಡಿ, ಆ ನಿಯಮ ಎಷ್ಟು ಜನರಿಗೆ ಮುಟ್ಟಿದೆ ಅಂತ ತಿಳಿಯುತ್ತದೆ.

ನಾನೀಗ ಮಾಡುವುದು ಇಷ್ಟೇ. ಹೊಲಕ್ಕೆ ಹೋಗುವಾಗಲೇ ಎರಡು ಕೊಡ ನೀರು ಬೇರೆ ಒಯ್ಯುತ್ತೇನೆ. ಡಬ್ಬಿ ಖಾಲಿಯಾದ ಕೂಡಲೇ ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಹಾಕಿ ಬೆಳೆಗೆ ಹೊಡೆಯುತ್ತೇನೆ. ರೊಕ್ಕ ಕೊಟ್ಟು ತಂದದ್ದು, ಕೆನಾಲಿಗೆ ಯಾಕೆ ಚೆಲ್ಲಲಿ? ಪಂಪು ತೊಳೆದ ನೀರೂ ಅದೇ ಹೊಲದ ಬೆಳೆಗೇ. ಆಮೇಲೆ ಡಬ್ಬಿಗೆ ಮೊಳೆ ಹೊಡೆದು ತೂತು ಮಾಡುತ್ತೇನೆ.

ಅಂಗಡಿಯವರಿಗೂ ಒಂದು ಮಾತು. ಉದ್ರಿ ಕೊಡುವಾಗ ನಮ್ಮ ಹೆಸರು ಬರೆದುಕೊಳ್ಳುತ್ತೀರಿ. ಪಕ್ಕದಲ್ಲಿ ಡಬ್ಬಿ ಎಷ್ಟು ಅಂತಲೂ ಬರೆದುಕೊಳ್ಳಿ, ಸೋಡಾ ಬಾಟ್ಲಿ ಹಾಗೆ ವಾಪಸ್ ಕೇಳಿ. ಡಬ್ಬಿಗೆ ಹತ್ತು ರೂಪಾಯಿ ಹಿಡಿದಿಟ್ಟರೆ ತರದೆ ಬಿಡುತ್ತೇವೆಯೇ?